ಏಳು ಸಲ ಮುಚ್ಚಿದ ಬಾಗಿಲು

ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಬೇಕು? ಹೀಗೆ ಕೇಳುವಾಗ ನಾವು ಬೆರಳು ಮಡಿಚಿ ಎಣಿಸುವುದು ಅವನ ತಪ್ಪುಗಳನ್ನು. ಕ್ಷಮಿಸಿದವರು ಆಮೇಲೆ ಏನು ಮಾಡಿದರು ಎಂಬ ಲೆಕ್ಕವನ್ನು ಇಡುವವರು ವಿರಳ. ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿ ಒಮ್ಮೆ ಆ ಲೆಕ್ಕವನ್ನೂ ಕೇಳಿದವರೊಬ್ಬರಿದ್ದರು. ಆ ಆಟದ ನಿಯಮಗಳು ನಮ್ಮಲ್ಲಿ ಹಲವರಿಗೆ ತಿಳಿಯವು. ಈ ಮಾತಿಗೆ ಅವು ಬೇಕಾಗಿಯೂ ಇಲ್ಲ.

ಸ್ಟೀವ್ ಹೌ ಎಡಗೈಯಲ್ಲಿ ಚೆಂಡೆಸೆಯುವವನು. 1980ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡಕ್ಕೆ ಬಂದವನು ಅದೇ ವರ್ಷ ತನ್ನ ಲೀಗಿನ ಅತ್ಯುತ್ತಮ ಹೊಸ ಆಟಗಾರನೆನಿಸಿಕೊಂಡ. ಕೆಲವೇ ವರ್ಷಗಳಲ್ಲಿ ಅವನ ಕೊಕೇನ್ ಚಟ ಹೊರಬಿತ್ತು. ಅಮಾನತು, ಚಿಕಿತ್ಸೆ, ಮರುಪ್ರವೇಶ, ಮತ್ತೆ ಅಮಾನತು; ಹೀಗೆ ಏಳು ಸಲ. 1992ರ ಜೂನ್‌ನಲ್ಲಿ, ಕೊಕೇನ್ ಕೊಳ್ಳಲು ಯತ್ನಿಸಿದ ಅಪರಾಧವನ್ನು ಅವನು ನ್ಯಾಯಾಲಯದಲ್ಲಿ ಒಪ್ಪಿಕೊಂಡ ಮೇಲೆ, ಬೇಸ್‌ಬಾಲ್ ಕಮಿಷನರ್ ಫೇ ವಿನ್ಸೆಂಟ್ ಅವನಿಗೆ ಆಜೀವ ಬಹಿಷ್ಕಾರ ವಿಧಿಸಿದರು.

ವಿನ್ಸೆಂಟರನ್ನು ಕಲ್ಲೆದೆಯವರೆನ್ನುವುದು ಸುಲಭ, ನ್ಯಾಯವಲ್ಲ. ಗಿರಣಿಯ ಕೂಲಿಯವನಾಗಿದ್ದರೆ ಏಳು ಸಲದ ಮಾತಿರಲಿ, ಎರಡನೆಯ ಸಲಕ್ಕೇ ಕೆಲಸ ಹೋಗುತ್ತಿತ್ತು. ಹೌ ಮೇಲಿಂದ ಮೇಲೆ ಒಳಗೆ ಬಂದದ್ದು ಪಶ್ಚಾತ್ತಾಪದ ಬಲದಿಂದಲೋ ಎಡತೋಳಿನ ಬಲದಿಂದಲೋ? ಎರಡನೆಯದೇ ಎಂದು ನನ್ನ ಗುಮಾನಿ. ಎಡಗೈಯಲ್ಲಿ ಅಷ್ಟು ಬಿರುಸಾಗಿ ಎಸೆಯುವವರು ಯಾವ ಕಾಲಕ್ಕೂ ಕಡಮೆ. ನಮಗೆ ಬೇಕಾದವನನ್ನು ಒಳಗೆ ಕರೆದುಕೊಂಡು ಅದಕ್ಕೆ ಕ್ಷಮೆ ಎಂದು ಹೆಸರಿಡುವುದು ಸಲ್ಲದು.

ಪ್ರಕರಣ ಜಾರ್ಜ್ ನಿಕೊಲಾವ್ ಎಂಬ ಮಧ್ಯಸ್ಥರ ಮುಂದೆ ಹೋಯಿತು. ಅದೇ ನವೆಂಬರ್‌ನಲ್ಲಿ ಅವರು ಬಹಿಷ್ಕಾರವನ್ನು ತೆಗೆದುಹಾಕಿದರು. ಕೇವಲ ಕನಿಕರದಿಂದಲ್ಲ. 1990ರಲ್ಲಿ ಹೌನನ್ನು ಸೇರಿಸಿಕೊಳ್ಳುವಾಗ ವೈದ್ಯರು ಒಂದು ಸಲಹೆ ಕೊಟ್ಟಿದ್ದರು: ವರ್ಷವಿಡೀ, ದಿನ ಬಿಟ್ಟು ದಿನ ಅವನನ್ನು ಪರೀಕ್ಷಿಸಬೇಕು. ಕಮಿಷನರರ ಕಚೇರಿ ಅದನ್ನು ನಡೆಸಲಿಲ್ಲ. ಅವನು ಪೊಲೀಸರ ಕೈಗೆ ಸಿಕ್ಕಿದ್ದು 1991ರ ಡಿಸೆಂಬರ್‌ನಲ್ಲಿ, ಆಟವಿಲ್ಲದ ಚಳಿಗಾಲದಲ್ಲಿ. ಮೆಟ್ಟಿಲು ಜೋಡಿಸದ ಏಣಿಯನ್ನು ಕೊಟ್ಟು, ಹತ್ತಲಿಲ್ಲವೆಂದು ಬೈದಂತಾಯಿತು.

ನಮ್ಮ ಹಳ್ಳಿಗಳಲ್ಲಿ ಜಾತಿಯಿಂದ ಹೊರಗಿಟ್ಟವನನ್ನು ಮತ್ತೆ ಸೇರಿಸಿಕೊಳ್ಳುವಾಗ ದಂಡ ಕಟ್ಟಿಸಿದರೆ ಸಾಲುತ್ತಿರಲಿಲ್ಲ. ಕುಲದವರು ಅವನೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕಿತ್ತು. ಆ ಬಹಿಷ್ಕಾರದ ಕ್ರೌರ್ಯವನ್ನು ನಾನು ಎತ್ತಿಹಿಡಿಯುತ್ತಿಲ್ಲ. ಆದರೆ ಸೇರಿಸಿಕೊಳ್ಳುವವರಿಗೂ ಮಾಡಲು ಒಂದು ಕೆಲಸವಿದೆಯೆಂಬ ತಿಳಿವಳಿಕೆ ಆ ಊಟದಲ್ಲಿತ್ತು.

ಅಂಥದೇ ಒಂದು ಪಂಕ್ತಿ ಜಾಷ್ ಹ್ಯಾಮಿಲ್ಟನ್‌ನ ಕಥೆಯಲ್ಲಿದೆ. 1999ರಲ್ಲಿ ಹೊಸಬರೆಲ್ಲರಿಗಿಂತ ಮೊದಲು ಅವನನ್ನು ಆರಿಸಿಕೊಂಡದ್ದು ಟ್ಯಾಂಪಾ ಬೇ ತಂಡ. ಮಾದಕದ್ರವ್ಯದ ದೆಸೆಯಿಂದ ಅಮಾನತಾಗಿ 2004, 2005 ಎರಡೂ ವರ್ಷ ಆಟ ತಪ್ಪಿತು. 2007ರಲ್ಲಿ ಸಿನ್ಸಿನಾಟಿ ತಂಡದಲ್ಲಿ ಆಡತೊಡಗಿದಾಗ ವಾರಕ್ಕೆ ಮೂರು ಸಲ ಮೂತ್ರಪರೀಕ್ಷೆ. ತರಬೇತಿಯ ಸಿಬ್ಬಂದಿಯ ಜಾನಿ ನ್ಯಾರನ್ ಪರವೂರುಗಳಲ್ಲಿ ಅವನ ಜೊತೆಗಿರುತ್ತಿದ್ದರು. ಊಟದ ಭತ್ಯವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತಿದ್ದರು. 2010ರ ಅಕ್ಟೋಬರ್‌ನಲ್ಲಿ ಟೆಕ್ಸಸ್ ರೇಂಜರ್ಸ್ ತಂಡ ಆ ಟ್ಯಾಂಪಾ ಬೇ ತಂಡವನ್ನೇ ಸೋಲಿಸಿತು. ಗೆದ್ದವರು ಷಾಂಪೇನ್ ಎರಚಾಡುವುದು ಅಲ್ಲಿಯ ವಾಡಿಕೆ. ಜೊತೆಯ ಆಟಗಾರರು ಹ್ಯಾಮಿಲ್ಟನ್‌ಗಾಗಿ ಮದ್ಯದ ಸೋಂಕಿಲ್ಲದ ಜಿಂಜರ್ ಏಲ್ ತಂದು ಅವನ ತಲೆಯ ಮೇಲೆ ಸುರಿದರು. ಆ ವರ್ಷ ಅಮೆರಿಕನ್ ಲೀಗಿನ ಅತ್ಯುತ್ತಮ ಆಟಗಾರ ಅವನೇ.

ಕಥೆ ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. 2009ರಲ್ಲಿ ಅವನು ಕುಡಿದಿದ್ದ, 2012ರಲ್ಲಿ ಪುನಃ ಕುಡಿದ. 2015ರಲ್ಲಿ ಮತ್ತೆ ಜಾರಿದಾಗ ತಾನೇ ಹೋಗಿ ಬೇಸ್‌ಬಾಲ್ ಆಡಳಿತಕ್ಕೆ ತಿಳಿಸಿದ. ಇದನ್ನು ಸೋಲೆನ್ನುವವರು ಎನ್ನಲಿ. ಚಟವೆಂಬುದು ಎಲ್ಲಕ್ಕಿಂತ ಮೊದಲು ಬಚ್ಚಿಡುವುದನ್ನು ಕಲಿಸುತ್ತದೆಂದು ಬಲ್ಲವರಿಗೆ ಅದು ಸಣ್ಣ ಸಂಗತಿಯಲ್ಲ.

ಹೌ ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ 1996ರವರೆಗೆ ಆಡಿದ; 1994ರಲ್ಲಿ ಬಹಳ ಚೆನ್ನಾಗಿಯೇ ಆಡಿದ. 2006ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಾಹನ ಉರುಳಿ ಸತ್ತ. ವಯಸ್ಸು 48. ಮೈಯಲ್ಲಿ ಮೆಥಾಂಫೆಟಮಿನ್ ಇತ್ತೆಂದು ಪರೀಕ್ಷೆ ಹೇಳಿತು. ಹಾಗಾದರೆ ನಿಕೊಲಾವ್ ತಪ್ಪಿದರೇ? ಅವನು ಯಾಂಕೀಸ್ ಬಿಟ್ಟು ಆಗಲೇ ಹತ್ತು ವರ್ಷವಾಗಿತ್ತು. ಆ ತೋಳು ಯಾರಿಗೂ ಬೇಡವಾದ ಮೇಲೆ, ದಿನ ಬಿಟ್ಟು ದಿನ ಅವನನ್ನು ವಿಚಾರಿಸುವ ಹೊಣೆ ಯಾವ ಲೀಗಿಗೂ ಸೇರಿದ್ದಾಗಿರಲಿಲ್ಲ.