ಎಡಗಾಲಿನ ಔದಾರ್ಯ

ಸೈಕಲ್ಲನ್ನು ಹವ್ಯಾಸವಾಗಿ ಹಚ್ಚಿಕೊಂಡವರು ಬಹಳ ಬೇಗ ವೇಗದ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ. ದೇವನಹಳ್ಳಿ ಕಡೆಯ ಸಪಾಟು ರಸ್ತೆಯಲ್ಲಿ ಹಿಂದಿನಿಂದ ಗಾಳಿ ಬೀಸಿದರೆ ಸಾಧಾರಣ ಸವಾರನೂ ಗಂಟೆಗೆ 35 ಕಿಲೋಮೀಟರ್ ಮುಟ್ಟುತ್ತಾನೆ. ಅದೇ ಮನುಷ್ಯ ನಂದಿ ಬೆಟ್ಟದ ತಿರುವುಗಳಲ್ಲಿ 12ಕ್ಕೆ ಇಳಿದು ಏದುಸಿರು ಬಿಡುತ್ತಾನೆ. ಎಲ್ಲಿ ಹೆಚ್ಚು ದುಡಿದ ಎಂಬುದನ್ನು ವೇಗ ಹೇಳುವುದಿಲ್ಲ, ಪವರ್ ಮೀಟರ್ ಹೇಳುತ್ತದೆ. 1980ರ ದಶಕದಲ್ಲಿ ಜರ್ಮನಿಯ ಉಲ್ರಿಚ್ ಶೋಬರರ್ ಎಂಬ ಎಂಜಿನಿಯರ್ ರೂಪಿಸಿದ ಇಂಥ ಸಾಧನ ಬಹುಕಾಲ ವೃತ್ತಿಪರರ ಸೊತ್ತಾಗಿತ್ತು. ಈಗ ಆಫೀಸಿಗೆ ಹೊರಡುವ ಮುನ್ನ ಬೆಳಗಿನ ಜಾವ ಪೆಡಲ್ ತುಳಿಯುವವರ ಸೈಕಲ್ಲಿಗೂ ಬಂದಿದೆ.

ಪೆಡಲ್ ಒತ್ತಿದಾಗ ಅದನ್ನು ಹಿಡಿದಿರುವ ಕ್ರ್ಯಾಂಕ್ ಎಂಬ ತೋಳಿನ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್ ಎಂಬ ತೆಳುಪಟ್ಟಿಯೂ ಜೊತೆಗೇ ಬಾಗಿ, ಅದರ ವಿದ್ಯುತ್ ರೋಧ ಬದಲಾಗುತ್ತದೆ. ಅದರಿಂದ ಟಾರ್ಕ್, ಅಂದರೆ ತಿರುಗಿಸುವ ಬಲ, ತಿಳಿಯುತ್ತದೆ. ಟಾರ್ಕನ್ನು ಕ್ರ್ಯಾಂಕ್ ತಿರುಗುವ ವೇಗದಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಎರಡೂ ಕಾಲನ್ನು ಬೇರೆಬೇರೆಯಾಗಿ ಅಳೆಯುವ ಮೀಟರ್ ದುಬಾರಿ. ಹಾಗಾಗಿ ಎಷ್ಟೋ ಜನ ಎಡ ಕ್ರ್ಯಾಂಕಿಗೆ ಮಾತ್ರ ಕೂರಿಸಿದ ಮೀಟರ್ ಕೊಳ್ಳುತ್ತಾರೆ. ಅದು ಎಡಗಾಲನ್ನಷ್ಟೇ ಅಳೆದು, ಬಂದ ಸಂಖ್ಯೆಯನ್ನು ಇಮ್ಮಡಿ ಮಾಡಿ ತೋರಿಸುತ್ತದೆ. ಬಲಗಾಲೂ ಅಷ್ಟೇ ದುಡಿಯುತ್ತಿದೆ ಎಂಬುದು ಅದರ ನಂಬಿಕೆ. ಮೈ ಸರಿಯಿದ್ದಾಗ ಈ ನಂಬಿಕೆಯಿಂದ ಹೆಚ್ಚೇನೂ ನಷ್ಟವಿಲ್ಲ.

ನನ್ನ ಬಲಮಂಡಿಯ ಚಿಪ್ಪು ಒಡೆದದ್ದು ಒಂದು ಇಳಿಜಾರಿನಲ್ಲಿ, ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ. ಶಸ್ತ್ರಚಿಕಿತ್ಸೆ, ಚಿಪ್ಪಿಗೆ ಬಿಗಿದ ತಂತಿ, ಬ್ರೇಸ್ ಎಲ್ಲ ಮುಗಿದು ಮೂಳೆ ಕೂಡಿಕೊಂಡಿತು. ಅಚ್ಚರಿ ಹುಟ್ಟಿಸಿದ್ದು ತೊಡೆ. ಮಂಡಿಗೆ ಪೆಟ್ಟಾಗಿ ಊದಿಕೊಂಡರೆ ನರಮಂಡಲವೇ ತೊಡೆಯ ಮುಂಭಾಗದ ಸ್ನಾಯುವಿಗೆ ಕಳಿಸುವ ಆಜ್ಞೆಯನ್ನು ತಗ್ಗಿಸಿಬಿಡುತ್ತದೆ. ಕೆಲಸವಿಲ್ಲದ ಸ್ನಾಯು ಕರಗುತ್ತದೆ. ಫಿಸಿಯೋಥೆರಪಿಸ್ಟ್ ಟೇಪು ಹಿಡಿದು ಅಳೆದಾಗ ಎರಡು ತೊಡೆಗಳು ಇಬ್ಬರದ್ದೆಂಬಂತೆ ಇದ್ದವು.

ಮತ್ತೆ ತುಳಿಯಲು ಶುರುಮಾಡಿದ್ದು ಮನೆಯೊಳಗೆ, ಹಿಂಚಕ್ರವನ್ನು ಹಿಡಿದಿಟ್ಟು ಅಯಸ್ಕಾಂತದಿಂದ ತಡೆಯೊಡ್ಡುವ ಸಾದಾ ಟ್ರೈನರ್ ಮೇಲೆ. ಅಲ್ಲಿ ಬೀಳುವ ಭಯವಿಲ್ಲ, ಸಿಗ್ನಲ್ಲಿಲ್ಲ, ಗಾಳಿಯೂ ಇಲ್ಲ. ಫ್ಯಾನ್ ಹಾಕದಿದ್ದರೆ ಕೆಳಗೆ ಬೆವರಿನ ಮಡು. ಪೆಡಲ್ ಪೂರ್ತಿ ಒಂದು ಸುತ್ತು ಬರಲು ಮಂಡಿ ಸುಮಾರು 110 ಡಿಗ್ರಿ ಮಡಚಬೇಕು. ಅಷ್ಟು ಮಡಚದ ಆರಂಭದಲ್ಲಿ ಸೀಟು ಎತ್ತರಿಸಿ, ಪೆಡಲನ್ನು ಅರ್ಧ ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ ಆಡಿಸುವುದೇ ವ್ಯಾಯಾಮ.

ಮುಂದೆ ನನ್ನ ಎಡಬದಿಯ ಮೀಟರಿನಲ್ಲಿ ವ್ಯಾಟ್ ಏರತೊಡಗಿತು, ವೈದ್ಯರೂ ಹುಬ್ಬೇರಿಸುವಷ್ಟು ಬೇಗ. ಗೆಳೆಯರೊಬ್ಬರ ಎರಡೂ ಬದಿ ಅಳೆಯುವ ಪೆಡಲ್ ಹಾಕಿ ನೋಡಿದಾಗ ಗುಟ್ಟು ಹೊರಬಿತ್ತು. ಬಲಗಾಲು ಕೊಡಲಾಗದ್ದನ್ನು ಎಡಗಾಲು ತುಂಬಿಕೊಡುತ್ತಿತ್ತು; ಮೀಟರ್ ಆ ಹೆಚ್ಚುವರಿಯನ್ನೂ ಇಮ್ಮಡಿ ಮಾಡುತ್ತಿತ್ತು. ಉದಾಹರಣೆಗೆ ಎಡಗಾಲಿನದು 115, ಬಲಗಾಲಿನದು 85 ಎಂದಿಟ್ಟುಕೊಳ್ಳಿ. ನಿಜವಾದ ಮೊತ್ತ 200 ವ್ಯಾಟ್, ತೆರೆಯ ಮೇಲೆ ಕಾಣುವುದು 230. ಒಳ್ಳೆಯ ಕಾಲು ಹೆಚ್ಚು ಹೊತ್ತಷ್ಟೂ ಸವಾರ ಲೆಕ್ಕದಲ್ಲಿ ಬಲಶಾಲಿಯಾಗುತ್ತ ಹೋಗುತ್ತಾನೆ.

ಜೋಡೆತ್ತಿನಲ್ಲಿ ಒಂದು ಸೋತರೆ ನೊಗ ಓರೆಯಾಗುತ್ತದೆ. ಗಾಡಿಯಲ್ಲಿ ಕೂತವನಿಗೆ ಆಗಲೇ ಗೊತ್ತಾಗುತ್ತದೆ. ಸೈಕಲ್ಲಿನಲ್ಲಿ ಅದು ಕಾಣಿಸದು. ಎರಡು ಕ್ರ್ಯಾಂಕುಗಳನ್ನು ಒಂದೇ ಅಚ್ಚಿಗೆ ಎದುರುಬದುರಾಗಿ ಬಿಗಿದಿರುವುದರಿಂದ, ಕೆಳಗಿಳಿಯುವ ಕಾಲು ಇನ್ನೊಂದನ್ನು ಎತ್ತಿಕೊಂಡೇ ಹೋಗುತ್ತದೆ. ಚಕ್ರ ಮಾತ್ರ ನೇರವಾಗಿ ಓಡುತ್ತಿರುತ್ತದೆ. ನನ್ನ ಫಿಸಿಯೋಥೆರಪಿಸ್ಟ್ ಇದನ್ನೇ ಒಂದು ಮಾತಿನಲ್ಲಿ ಹೇಳಿಬಿಟ್ಟರು: "ಬಲಗಾಲಿಗೆ ಕೆಲಸ ಕಲಿಸೋದು ಕಷ್ಟ ಅಲ್ಲ ಸರ್, ಎಡಗಾಲು ಬಿಡಬೇಕಲ್ಲ!"

ಬಿಡಿಸುವುದಕ್ಕೆ ಉಪಾಯಗಳಿವೆ. ಎಡಪಾದವನ್ನು ಸ್ಟೂಲಿನ ಮೇಲಿಟ್ಟು ಬಲಗಾಲೊಂದರಲ್ಲೇ ತುಳಿಯುವುದು ಒಂದು. ಪವರ್‌ಕ್ರ್ಯಾಂಕ್ಸ್ ಎಂಬ ಹೆಸರಿನಲ್ಲಿ ಬಂದ ಕ್ರ್ಯಾಂಕುಗಳು ಇನ್ನೊಂದು. ಅವುಗಳಲ್ಲಿ ಒಂದೊಂದು ಬದಿಗೂ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇರುತ್ತದೆ. ಒಂದು ಕಾಲು ಇನ್ನೊಂದನ್ನು ಎತ್ತಲಾರದು. ಪ್ರತಿ ಕಾಲೂ ತನ್ನನ್ನು ತಾನೇ ಮೇಲೆತ್ತಿಕೊಳ್ಳಬೇಕು. ಹೊಸಬರಿಗೆ ಕೆಲವೇ ನಿಮಿಷಗಳಲ್ಲಿ ಸೊಂಟದ ಮುಂಭಾಗ ಸೋತುಹೋಗುತ್ತದೆ. ಇದರಿಂದ ಸವಾರನ ಸಾಮರ್ಥ್ಯ ಹೆಚ್ಚುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ. ಪೆಟ್ಟು ತಿಂದವನಿಗೆ ಇದರಿಂದಾಗುವ ಪ್ರಯೋಜನವೇ ಬೇರೆ: ಸೋತ ಕಾಲಿಗೆ ಅಡಗಿಕೊಳ್ಳಲು ಜಾಗ ಉಳಿಯುವುದಿಲ್ಲ.

ಪಾರ್ಶ್ವವಾಯುವಿನ ಚಿಕಿತ್ಸೆಯೂ ಇದೇ ದಾರಿ ಹಿಡಿದದ್ದುಂಟು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಬೆಳೆಸಿದ ಕ್ರಮದಲ್ಲಿ, ಚೆನ್ನಾಗಿರುವ ಕೈಗೆ ದಪ್ಪ ಗವಸು ತೊಡಿಸಿ ಎಚ್ಚರದ ಹೊತ್ತಿನ ಬಹುಪಾಲು ಅದನ್ನು ಕಟ್ಟಿಹಾಕುತ್ತಾರೆ. ಸೋತ ಕೈಯಲ್ಲಿ ಒಂದಿಷ್ಟು ಚಲನೆ ಉಳಿದಿರುವವರಿಗೆ ಇದು ನೆರವಾಗುತ್ತದೆ. ಒಳ್ಳೆಯ ಕೈ ಎಲ್ಲವನ್ನೂ ಮಾಡಿಕೊಡುತ್ತಿದ್ದರೆ, ಮಾಡಬಲ್ಲ ಕೈಯೂ ಮಾಡದಿರುವುದನ್ನು ಕಲಿತುಬಿಡುತ್ತದೆ ಎಂಬುದು ಅದರ ಹಿಂದಿನ ತಿಳಿವು.

ನಾಲ್ಕು ಬಾರಿ ಟೂರ್ ದ ಫ್ರಾನ್ಸ್ ಗೆದ್ದ ಕ್ರಿಸ್ ಫ್ರೂಮ್ 2019ರ ಜೂನ್‌ನಲ್ಲಿ ಗೋಡೆಗೆ ಅಪ್ಪಳಿಸಿ ತೊಡೆಮೂಳೆ ಮುರಿದುಕೊಂಡರು. ಆಮೇಲೆ ಅವರಿಗೂ ಬಲಗಾಲಿನ ಬಲ ಎಡಗಾಲಿನ ಸಮಕ್ಕೆ ತರುವುದೇ ದೊಡ್ಡ ಕೆಲಸವಾಯಿತು. 2022ರ ಟೂರ್‌ನಲ್ಲಿ ಆಲ್ಪ್ ದ್ಯುಯೆಜ್ ಏರುವ ಹಂತದಲ್ಲಿ ಮೂರನೆಯವರಾದರೂ ಹಳೆಯ ಎತ್ತರಕ್ಕೆ ಮರಳಲಿಲ್ಲ. ವೃತ್ತಿಪರನ ಹಿಂದೆ ತಂಡ, ಒಪ್ಪಂದ, ಪಂದ್ಯಗಳ ವೇಳಾಪಟ್ಟಿ ನಿಂತಿರುತ್ತವೆ. ಮೊತ್ತ ಕೆಳಗಿಳಿಯುವುದನ್ನು ನೋಡುತ್ತ ಕೂರುವ ಅನುಕೂಲ ಅವನಿಗಿಲ್ಲ. ನನ್ನಂಥವನಿಗಾಗಿ ಬೆಟ್ಟದ ತುದಿಯಲ್ಲಿ ಯಾರೂ ಗಡಿಯಾರ ಹಿಡಿದು ಕಾಯುತ್ತಿಲ್ಲ. ಎಡಗಾಲನ್ನು ಸುಮ್ಮನಿರಿಸಿ, ಸಂಖ್ಯೆ ಕುಸಿದರೂ ಸಹಿಸಿಕೊಳ್ಳುವ ಪುರಸೊತ್ತು ಹವ್ಯಾಸಿಯ ಪಾಲಿನ ನಿಜವಾದ ಸಂಪತ್ತು. ನಾವು ಮಾತ್ರ ವೃತ್ತಿಪರರ ಉಪಕರಣ ಕೊಂಡ ಕೂಡಲೇ ಅವರ ಆತುರವನ್ನೂ ಮನೆಗೆ ತಂದುಕೊಳ್ಳುತ್ತೇವೆ.

ಎಡಗಾಲು ತಪ್ಪು ಮಾಡಿತೆಂದು ನಾನು ಹೇಳುತ್ತಿಲ್ಲ. ಮೊದಲ ವಾರಗಳಲ್ಲಿ ಅದು ಹೊರದಿದ್ದರೆ ಬಲಗಾಲು ಒಂದು ಸುತ್ತೂ ಬರುತ್ತಿರಲಿಲ್ಲ. ನೆರವು ಆಗ ಬೇಕೇಬೇಕಿತ್ತು. ಬೇಡವಾದ ಮೇಲೂ ಅದು ನಿಲ್ಲಲಿಲ್ಲ, ಅಷ್ಟೆ. ನಿಲ್ಲಿಸಲು ಯಾರಿಗೂ ಕಾರಣ ಕಾಣಲಿಲ್ಲ. ಕೊಡುವ ಕಾಲಿಗೆ ಶಕ್ತಿಯಿತ್ತು, ಪಡೆಯುವ ಕಾಲಿಗೆ ಆರಾಮವಿತ್ತು, ಮೊತ್ತ ಏರುತ್ತಿತ್ತು. ಕಾಯಿಲೆಯಿಂದ ಎದ್ದವರ ಅಂಗಿಯ ಗುಂಡಿಯನ್ನು ತಿಂಗಳುಗಟ್ಟಲೆ ನಾವೇ ಹಾಕುತ್ತ ಹೋಗುವ ಮನೆಗಳಲ್ಲಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಸದ್ದಿಲ್ಲದೆ ಮುಗಿಸಿಕೊಡುವ ಕಚೇರಿಗಳಲ್ಲಿ ನಡೆಯುವುದೂ ಇದೇ. ಅಲ್ಲಿ ಪ್ರೀತಿಗೆ ಕೊರತೆಯಿಲ್ಲ, ಫಲಿತಾಂಶಕ್ಕೂ ಕೊರತೆಯಿಲ್ಲ. ಹಾಗಾಗಿಯೇ ಯಾರೂ ಪ್ರಶ್ನೆ ಕೇಳುವುದಿಲ್ಲ.

ಎರಡು ಕಾಲುಗಳು ಸರಿಸಮವಾಗಬೇಕೆಂಬ ಹಟ ನನಗಿಲ್ಲ. ಪೆಟ್ಟೇ ಆಗದ ಸವಾರರಲ್ಲೂ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಈಗ ನನ್ನ ಒಟ್ಟು ವ್ಯಾಟ್ ಮೊದಲಿನಷ್ಟಿಲ್ಲ. ಆದರೆ ಅದರಲ್ಲಿ ಬಲಗಾಲಿನದೆಂದು ಬರೆದದ್ದು ಬಲಗಾಲೇ ದುಡಿದದ್ದು. ಚೇತರಿಕೆಯನ್ನು ಮೊತ್ತದಿಂದ ಅಳೆಯುವುದನ್ನು ಬಿಟ್ಟಿದ್ದೇನೆ. ಹೊತ್ತವರು ಹೊರೆ ಇಳಿಸಿದ ಮೇಲೂ ಎಷ್ಟು ಉಳಿಯುತ್ತದೋ ಅಷ್ಟೇ ಚೇತರಿಕೆ.