ಒಗ್ಗದ ಊಟ, ಕೇಳದ ಪ್ರಶ್ನೆ



ದಾಸೋಹದ ಪಂಕ್ತಿಯಲ್ಲಿ ಭೇದವಿಲ್ಲ. ಸಾಹುಕಾರನಿಗೂ ಕೂಲಿಯವನಿಗೂ ಅದೇ ಅನ್ನ, ಅದೇ ಸಾರು, ಅದೇ ಪಾಯಸ. ಈ ಸಮಾನತೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ; ಹೇಳಿಕೊಳ್ಳತಕ್ಕದ್ದೇ. ಆದರೆ ಅದೇ ಪಂಕ್ತಿಯಲ್ಲಿ ಕುಳಿತ ಮಗುವೊಂದಕ್ಕೆ ಪಾಯಸದ ಗೋಡಂಬಿ ಒಗ್ಗದೆ, ಎರಡು ತುತ್ತು ಉಂಡೊಡನೆ ತುಟಿ ಬಾತು ಉಸಿರು ಕಟ್ಟುವುದಾದರೆ, ಎಲ್ಲರಿಗೂ ಸಮನಾಗಿ ಬಡಿಸಿದೆವೆಂಬ ಸಮಾಧಾನ ಸಾಕೆ? ಎಲ್ಲರಿಗೂ ಒಂದೇ ಊಟ ಬಡಿಸುವುದು ಸಮಾನತೆಯೋ, ಎಲ್ಲರೂ ನಿರ್ಭಯವಾಗಿ ಉಂಡೇಳುವಂತೆ ಮಾಡುವುದು ಸಮಾನತೆಯೋ?

ಈ ಪ್ರಶ್ನೆ ಅಡುಗೆಮನೆಯಲ್ಲೇ ಮುಗಿಯುವುದಿಲ್ಲ. ಯಾರಿಗೆ ಯಾವ ಆಹಾರ ಒಗ್ಗದು, ಏಕೆ ಒಗ್ಗದು, ಅಂಥವರನ್ನು ಕಾಪಾಡುವುದು ಹೇಗೆ ಎಂಬುದನ್ನು ತಿಳಿಯಲು ಸಂಶೋಧನೆ ಬೇಕು. ಸಂಶೋಧನೆಗೆ ಹಣ ಬೇಕು, ಕಾಲ ಬೇಕು, ಬಲ್ಲವರು ಬೇಕು. ಈ ಮೂರೂ ಬೇಕಾದಷ್ಟು ಇರುವುದಿಲ್ಲ. ಆದ್ದರಿಂದ ಮೊದಲು ಏನನ್ನು ಹುಡುಕಬೇಕು, ಆ ಕ್ರಮವನ್ನು ಯಾರು ನಿಶ್ಚಯಿಸಬೇಕು ಎಂಬುದು ವಿಜ್ಞಾನಿಗಳಿಗೆ ಮಾತ್ರ ಸೇರಿದ ವಿಷಯವಲ್ಲ. ಅದು ಧರ್ಮದ ಪ್ರಶ್ನೆಯೂ ಹೌದು.

ನಮ್ಮ ಹಿರಿಯರು ಈ ವಿಷಯವನ್ನು ಅರಿಯದವರೇನಲ್ಲ. 'ಬದನೆ ನಂಜು', 'ಅವಳಿಗೆ ಹಾಲು ಆಗದು' ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಎಂದಿನಿಂದಲೂ ಇವೆ. ಇಂದಿನ ವೈದ್ಯಶಾಸ್ತ್ರ ಇದರಲ್ಲಿ ಎರಡು ಬಗೆಗಳನ್ನು ಗುರುತಿಸುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯು ನಿರುಪದ್ರವಿ ಆಹಾರವನ್ನು ಶತ್ರುವೆಂದು ಬಗೆದು ಎರಗುವುದು ಅಲರ್ಜಿ. ಇದರಲ್ಲಿ ಕೆಲವೊಮ್ಮೆ ನಿಮಿಷಗಳಲ್ಲಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಇನ್ನೊಂದು ಬಗೆಯಲ್ಲಿ ಪ್ರಾಣಭಯವಿಲ್ಲ, ಸಂಕಟವಿದೆ. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಕಿಣ್ವ ಕರುಳಿನಲ್ಲಿ ಕಡಮೆಯಾದರೆ ಹೊಟ್ಟೆಯುಬ್ಬರ, ಭೇದಿ ಆಗುತ್ತದೆ. 1981ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೆಹಲಿಯಲ್ಲಿ ಪರೀಕ್ಷಿಸಿದವರ ಪೈಕಿ ಶೇ. 27ರಷ್ಟು ಮಂದಿಗೆ ಈ ತೊಂದರೆ ಕಂಡುಬಂದರೆ, ತಿರುವನಂತಪುರ ಮತ್ತು ಪಾಂಡಿಚೇರಿಗಳಲ್ಲಿ ಅದು ಶೇ. 66ನ್ನು ದಾಟಿತ್ತು. ಹಾಲು ಅಮೃತವೆಂದು ಒತ್ತಾಯಿಸಿ ಕುಡಿಸುವವರು ದಕ್ಷಿಣದವರ ಹೊಟ್ಟೆಯ ಈ ಸ್ವಭಾವವನ್ನೂ ನೆನೆಯಬೇಕು.

ನಂಜಿನ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ ಪರೀಕ್ಷಿಸಿದವರು ಮೈಸೂರಿನಲ್ಲಿದ್ದಾರೆ. ಅಲ್ಲಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ವೈದ್ಯರೊಡನೆ ಸೇರಿ ಬದನೆಕಾಯಿಯ ಅಲರ್ಜಿಯನ್ನು ಅಭ್ಯಸಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಬದನೆ ನಿಜವಾಗಿಯೂ ಕೆಲವರಿಗೆ ಒಗ್ಗದು, ಅಂಥವರಲ್ಲಿ ಹೆಂಗಸರೇ ಹೆಚ್ಚು ಎಂದು ಅದರಿಂದ ತಿಳಿಯಿತು. ಅಜ್ಜಿಯ ಮಾತು ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಅದು ಉತ್ತರಕ್ಕಾಗಿ ಕಾದಿದ್ದ ಒಂದು ಒಳ್ಳೆಯ ಪ್ರಶ್ನೆಯಾಗಿತ್ತು.

ಅದೇ ಮೈಸೂರಿನಲ್ಲಿ, ಸುತ್ತೂರು ಮಠದ ಆಶ್ರಯದ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಐರೋಪ್ಯ ಒಕ್ಕೂಟದ ನೆರವಿನ ಯೋಜನೆಯಲ್ಲಿ ಕರ್ನಾಟಕದ 11,791 ವಯಸ್ಕರನ್ನು ವಿಚಾರಿಸಿ, 2016ರಲ್ಲಿ ವರದಿ ಮಾಡಿದರು. ಪರೀಕ್ಷೆಗೆ ಆರಿಸಿದ 24 ಆಹಾರಗಳಲ್ಲಿ ಒಂದಕ್ಕಾದರೂ ರಕ್ತದಲ್ಲಿ ಅಲರ್ಜಿಯ ಗುರುತು ಇದ್ದವರು ಶೇ. 26.5. ಆದರೆ ತಿಂದಾಗ ನಿಜವಾಗಿ ಅಲರ್ಜಿಯಾಗುವ ಸಂಭವವಿದ್ದವರು ಶೇ. 1.2 ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಓದುಗರು ಗಮನಿಸಬೇಕು. ರಕ್ತಪರೀಕ್ಷೆಯ ಕಾಗದವೊಂದನ್ನೇ ನಂಬಿ ಹಾಲು, ಬೇಳೆ, ಕಡಲೆಗಳನ್ನೆಲ್ಲ ಮಗುವಿನ ತಟ್ಟೆಯಿಂದ ತೆಗೆದರೆ, ಇಲ್ಲದ ರೋಗಕ್ಕೆ ಹೆದರಿ ಇರುವ ಪುಷ್ಟಿಯನ್ನು ಕಳೆದಂತೆ. ಹಾಗೆಂದು ನಿಜವಾಗಿ ಅಲರ್ಜಿ ಇರುವವನಿಗೆ 'ಸ್ವಲ್ಪ ತಿಂದರೆ ಏನೂ ಆಗದು' ಎಂದು ಬಲವಂತ ಮಾಡಿದರೆ ಪ್ರಾಣವನ್ನೇ ಪಣಕ್ಕಿಟ್ಟಂತೆ. ಎರಡೂ ಹಿಂಸೆಯೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅದೇ ಯೋಜನೆಯ ಮಕ್ಕಳ ಸಮೀಕ್ಷೆಯಲ್ಲಿ ನಮ್ಮ ಕಡೆ ಆಹಾರದ ಅಲರ್ಜಿ ಕಂಡದ್ದು ಸಾವಿರ ಮಕ್ಕಳಿಗೆ ಒಂದೆರಡರಲ್ಲಿ. ಹೊಟ್ಟೆಗೆ ಸಾಲದೆ ಸೊರಗುವ ಮಕ್ಕಳು ಲಕ್ಷಗಟ್ಟಲೆ ಇರುವ ನಾಡಿನಲ್ಲಿ, ಕ್ಷಯ ಇನ್ನೂ ಹೋಗದ ನಾಡಿನಲ್ಲಿ, ಸಾವಿರಕ್ಕೊಬ್ಬರಿಗಾಗಿ ಹಣ ಸುರಿಯುವುದು ನ್ಯಾಯವೇ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ತಲೆಯೆಣಿಕೆಯೊಂದೇ ಅಳತೆಯಾದರೆ ಏನಾಗುತ್ತದೆಂಬುದನ್ನು ತಿಳಿಯಲು ಕಾಸರಗೋಡಿನವರಾದ ನಾವು ಬಹಳ ದೂರ ಹೋಗಬೇಕಾಗಿಲ್ಲ.

ನಮ್ಮ ಜಿಲ್ಲೆಗೆ ಸಂಶೋಧನೆ ಹೊಸದಲ್ಲ. ತೆಂಗಿನ ಸಂಶೋಧನಾ ಕೇಂದ್ರ ಇಲ್ಲಿ ಆರಂಭವಾದದ್ದು 1916ರಲ್ಲಿ. ಮರಕ್ಕೆ ಯಾವ ರೋಗ, ಯಾವ ತಳಿಗೆ ಎಷ್ಟು ಫಸಲು ಎಂದು ನೂರು ವರ್ಷಕ್ಕೂ ಮೀರಿ ಇಲ್ಲಿ ಹುಡುಕಿದ್ದಾರೆ. ಅದರಿಂದ ಕೃಷಿಕರಿಗೆ ಉಪಕಾರವಾಗಿದೆ. ಗೇರು ತೋಟಗಳಲ್ಲಿ ಚಿಗುರು ಹೀರುವ ಕೀಟಕ್ಕೂ ಉತ್ತರ ಸಿಕ್ಕಿತು. ಆ ಉತ್ತರದ ಹೆಸರು ಎಂಡೋಸಲ್ಫಾನ್. 1970ರ ದಶಕದ ಕೊನೆಯಿಂದ 2000ದ ವರೆಗೆ ಸರಕಾರಿ ತೋಟಗಳ ಮೇಲೆ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಕೀಟಕ್ಕೆ ಏನಾಗುತ್ತದೆಂದು ಕೇಳಿದವರಿದ್ದರು. ತೋಟದ ಕೆಳಗಿನ ತೋಡಿನ ನೀರು ಕುಡಿಯುವ ಮಕ್ಕಳಿಗೆ ಏನಾಗುತ್ತದೆಂಬ ಪ್ರಶ್ನೆ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದನ್ನು ಎತ್ತಿದವರು ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮತ್ತು ಊರಿನ ಜನ. ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯ ತಜ್ಞರು ಬಂದು ಅಲ್ಲಿನ ಮಕ್ಕಳನ್ನು ಮೀಂಜದ ಮಕ್ಕಳೊಡನೆ ಹೋಲಿಸಿ ನೋಡುವ ಹೊತ್ತಿಗೆ 2001 ಆಗಿತ್ತು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ದೇಶದ ಲೆಕ್ಕದಲ್ಲಿ ಪಡ್ರೆಯ ಮನೆಗಳು ಎಷ್ಟು? ಅಲ್ಪವೇ. ಅಲ್ಪವಾದುದರಿಂದಲೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಕೇಳಲಿಲ್ಲ.

ಎಂಡೋಸಲ್ಫಾನ್ ವಿಷ, ಅಲರ್ಜಿಯಲ್ಲ. ಎರಡನ್ನೂ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ಅದು ಕಲಿಸುವ ಪಾಠ ಒಂದೇ. ನೋವನ್ನು ಉಣ್ಣುವವರು ಪ್ರಶ್ನೆ ಆರಿಸುವ ಜಾಗದಲ್ಲಿ ಇಲ್ಲದಿದ್ದರೆ, ಅವರ ಪ್ರಶ್ನೆ ಪಟ್ಟಿಗೆ ಸೇರುವುದಿಲ್ಲ.

ಮನೆಯವರ ಪ್ರಶ್ನೆಯಿಂದ ಲೋಕಕ್ಕೆ ಲಾಭವಾದದ್ದೂ ಉಂಟು. ಇಂಗ್ಲೆಂಡಿನಲ್ಲಿ ನೆಲೆಸಿದ ಯೆಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ಇಸ್ರೇಲಿನ ಯೆಹೂದಿ ಮಕ್ಕಳಿಗಿಂತ ಹತ್ತು ಪಟ್ಟು ಹೆಚ್ಚಿರುವುದನ್ನು ಡಾ. ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಇಸ್ರೇಲಿನ ತಾಯಂದಿರು ಎಳೆಯ ಮಕ್ಕಳಿಗೇ ಶೇಂಗಾದ ತಿನಿಸು ಕೊಡುತ್ತಿದ್ದರು. ಇಂಗ್ಲೆಂಡಿನ ತಾಯಂದಿರು ವೈದ್ಯರ ಮಾತಿನಂತೆ ದೂರವಿಡುತ್ತಿದ್ದರು. ಅಪಾಯದಲ್ಲಿದ್ದ 640 ಶಿಶುಗಳ ಮೇಲೆ ನಡೆದ ಪ್ರಯೋಗದ ಫಲ 2015ರಲ್ಲಿ ಬಂತು. ಬೇಗ ತಿನ್ನಿಸಿದ ಮಕ್ಕಳಲ್ಲಿ ಆ ಅಲರ್ಜಿ ಶೇ. 80ರಷ್ಟು ಕಡಮೆಯಾಗಿತ್ತು. ಆದರೆ ಮೊದಲೇ ಅಲರ್ಜಿಯ ಲಕ್ಷಣವಿರುವ ಶಿಶುವಿಗೆ ವೈದ್ಯರನ್ನು ಕೇಳದೆ ಯಾರೂ ಇದನ್ನು ಪ್ರಯತ್ನಿಸಬಾರದು.

ಹಾಗಾದರೆ ನಮ್ಮ ನಾಡಿನಲ್ಲಿ ಸಂಶೋಧನೆಯ ಕ್ರಮ ಹೇಗಿರಬೇಕು? ಹೊರದೇಶದವರು ತಮ್ಮ ಹಣದಿಂದ ಹೇಗಿದ್ದರೂ ಹುಡುಕುವ ದುಬಾರಿ ಔಷಧಗಳು ನಮ್ಮ ಪಟ್ಟಿಯಲ್ಲಿ ಹಿಂದೆ ಇರಲಿ. ಕಡಮೆ ಖರ್ಚಿನಲ್ಲಿ ಪ್ರಾಣ ಉಳಿಸುವ ಪ್ರಶ್ನೆಗಳು ಮುಂದೆ ಬರಲಿ. ಉಸಿರು ಕಟ್ಟುವ ತೀವ್ರ ಅಲರ್ಜಿಗೆ ಮೊದಲ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅದು ಅಗ್ಗದ ಔಷಧ. ಅದು ಎಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಿದ್ಧವಿದೆ, ಅದನ್ನು ತಡಮಾಡದೆ ಕೊಡುವ ಅಭ್ಯಾಸ ಎಷ್ಟು ಮಂದಿಗಿದೆ? 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲಪಲಾರದೆ ನಮ್ಮ ಜಿಲ್ಲೆಯ ರೋಗಿಗಳು ಪ್ರಾಣಬಿಟ್ಟದ್ದನ್ನು ಕಂಡವರಿಗೆ ಈ ಪ್ರಶ್ನೆಯ ಬೆಲೆ ಗೊತ್ತು.

ಎರಡನೆಯದು, ನಾವು ಕೇಳದಿದ್ದರೆ ಬೇರೆ ಯಾರೂ ಕೇಳದ ಪ್ರಶ್ನೆಗಳು. ಬದನೆ, ಕಡಲೆ, ಉದ್ದು, ಎಳ್ಳು, ತೆಂಗು, ಗೋಡಂಬಿ ನಮ್ಮ ನಿತ್ಯದ ಆಹಾರ. ಭಾರತದ 2020ರ ಲೇಬಲ್ ನಿಯಮವು ಗೋಧಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿಯ ಜಾತಿ, ಶೇಂಗಾ ಮತ್ತು ಗೋಡಂಬಿಯಂಥ ಬೀಜ, ಸೋಯಾ ಇವುಗಳನ್ನೂ, ಪ್ರಮಾಣ ಮೀರಿದ ಸಲ್ಫೈಟನ್ನೂ ಪೊಟ್ಟಣದ ಮೇಲೆ ತಿಳಿಸಬೇಕೆಂದು ವಿಧಿಸಿತು. ಆ ಪಟ್ಟಿಯಲ್ಲಿ ಎಳ್ಳು ಇರಲಿಲ್ಲ, ಕಡಲೆ ಇರಲಿಲ್ಲ. ಲಂಡನ್ನಿನ ನತಾಶಾ ಎಂಬ 15 ವರ್ಷದ ಹುಡುಗಿ 2016ರಲ್ಲಿ ಪ್ರಾಣ ಕಳೆದುಕೊಂಡದ್ದು ರೊಟ್ಟಿಯ ಹಿಟ್ಟಿನಲ್ಲಿ ಅಡಗಿದ್ದ ಎಳ್ಳಿನಿಂದ. ಪೊಟ್ಟಣದ ಮೇಲೆ ಅದರ ಹೆಸರಿರಲಿಲ್ಲ. ಅವಳ ತಂದೆತಾಯಿಗಳ ಹೋರಾಟದಿಂದ ಅಲ್ಲಿ 2021ರಲ್ಲಿ ಹೊಸ ಕಾನೂನು ಜಾರಿಯಾಯಿತು. ಯಾವ ಆಹಾರ ನಮ್ಮವರಿಗೆ ಅಪಾಯವೆಂದು ನಾವೇ ಎಣಿಸದೆ ನಮ್ಮ ಪಟ್ಟಿ ಸರಿಯಾಗುವುದು ಹೇಗೆ? ಕಾನೂನಿನಂತೆ ಲೇಬಲ್ ಇರಬೇಕಾದದ್ದು ಹಿಂದಿ ಅಥವಾ ಇಂಗ್ಲಿಷಿನಲ್ಲಿ. ನಮ್ಮ ಪೇಟೆಗಳಲ್ಲಿ ಮಲಯಾಳವೂ ಕಾಣಸಿಗುತ್ತದೆ. ಕನ್ನಡ ಮಾತ್ರ ಓದಬಲ್ಲ ಗಡಿನಾಡಿನ ತಾಯಿಗೆ ಆ ಎಚ್ಚರಿಕೆ ತಲಪುವ ದಾರಿ ಯಾವುದು ಎಂಬುದೂ ಸಂಶೋಧನೆಗೆ ಯೋಗ್ಯವಾದ ಪ್ರಶ್ನೆಯೇ.

ಮೂರನೆಯದು, ಬೆರಕೆಯ ಪ್ರಶ್ನೆ. ಅಂಗಡಿಯ ಇಂಗು ಬಹುಪಾಲು ಶುದ್ಧ ಇಂಗಲ್ಲ, ಅದರಲ್ಲಿ ಗೋಧಿ ಹಿಟ್ಟನ್ನು ಸೇರಿಸಿರುವುದುಂಟು. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸುತ್ತಾರೆ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯವರು ದಕ್ಷಿಣದಲ್ಲಿ ಬಹಳ ವಿರಳ, ಆದರೆ ಇಲ್ಲವೆಂದಿಲ್ಲ. ಎಷ್ಟು ಬೆರಕೆ ಅಪಾಯ, ಗಿರಣಿಯನ್ನು ಹೇಗೆ ಶುಚಿ ಮಾಡಿದರೆ ಸಾಕು ಎಂಬುದನ್ನು ಹುಡುಕಿ ಕೊಟ್ಟರೆ ಸಣ್ಣ ವ್ಯಾಪಾರಿಗೂ ಅನುಕೂಲ.

ಈ ಕ್ರಮವೇ ಅಂತಿಮವೆಂದು ನಾವು ಹೇಳುವುದಿಲ್ಲ. ಅದನ್ನು ನಿಶ್ಚಯಿಸುವಾಗ ವಿಜ್ಞಾನಿಯ ಪಕ್ಕದಲ್ಲಿ ಅಲರ್ಜಿಯಿರುವ ಮಗುವಿನ ತಾಯಿ, ಕೃಷಿಕ, ಅಂಗಡಿಯವ, ಅಡುಗೆಯವ ಕುಳಿತಿರಬೇಕೆಂಬುದಷ್ಟೇ ನಮ್ಮ ಒತ್ತಾಯ. ಬ್ರಿಟನ್ನಿನಲ್ಲಿ 2004ರಿಂದ ಜೇಮ್ಸ್ ಲಿಂಡ್ ಅಲಯನ್ಸ್ ಎಂಬ ಕೂಟವು ರೋಗಿಗಳನ್ನೂ ಅವರನ್ನು ನೋಡಿಕೊಳ್ಳುವವರನ್ನೂ ವೈದ್ಯರೊಡನೆ ಕೂರಿಸಿ ಸಂಶೋಧನೆಯ ಪ್ರಶ್ನೆಗಳನ್ನು ಆರಿಸುತ್ತಿದೆ. ಅರಿವು ಒಬ್ಬರ ಸೊತ್ತಲ್ಲವೆಂದು ನಂಬಿದ ಪರಂಪರೆಯ ನಮಗೆ ಈ ರೀತಿ ಅಪರಿಚಿತವಾಗಬೇಕಾಗಿಲ್ಲ.

ಸಂಶೋಧನೆಯ ಫಲ ಬರುವ ತನಕ ಕೈಕಟ್ಟಿ ಕೂರಬೇಕೆಂದಿಲ್ಲ. ಬಿಡಿ ತಿನಿಸು ಮಾರುವ ವ್ಯಾಪಾರಿ ಬಂಧುಗಳು ಅದರಲ್ಲಿ ಏನೇನಿದೆ ಎಂದು ಕೇಳಿದವರಿಗೆ ಬೇಸರಿಸದೆ ಹೇಳಲಿ, ಸಾಧ್ಯವಾದರೆ ಬರೆದಿಡಲಿ. ಮದುವೆ, ಜಾತ್ರೆಗಳ ಅಡುಗೆಯಲ್ಲಿ ಗೋಡಂಬಿ, ಶೇಂಗಾ, ಎಳ್ಳು ಅರೆದು ಹಾಕಿದ್ದರೆ ಬಡಿಸುವವರು ಪಂಕ್ತಿಯಲ್ಲಿ ಅದನ್ನು ಒಮ್ಮೆ ಕೂಗಿ ಹೇಳಲಿ. 'ನನಗೆ ಆಗದು' ಎಂದವರನ್ನು ನಗೆಯಾಡದಿರಲಿ. ನಿಮ್ಮ ಮನೆಯಲ್ಲಿ ಯಾರಿಗೆ ಏನು ತಿಂದಾಗ ಏನಾಯಿತು, ಎಷ್ಟು ಹೊತ್ತಿಗೆ ಆಯಿತು ಎಂಬುದನ್ನು ತಾರೀಖು ಹಾಕಿ ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ನಾಳೆ ಯಾರಾದರೂ ಸಂಶೋಧಕರು ನಮ್ಮ ಊರಿಗೆ ಬಂದರೆ ಆ ಪುಸ್ತಕವೇ ಅವರಿಗೆ ಮೊದಲ ಪಾಠವಾಗಲಿ.