ಹರಕೆಯೂ ಔಷಧಿಯೂ

ಮಕ್ಕಳ ಆರೋಗ್ಯಕ್ಕಾಗಿ ಹರಕೆ ಹೊತ್ತು ಬೆಟ್ಟ ಹತ್ತುವುದು ತಲೆತಲಾಂತರದಿಂದ ಬಂದ ಪದ್ಧತಿ. ಚಿಕ್ಕಜಾಲ, ಯಲಹಂಕ, ದೇವನಹಳ್ಳಿ ಕಡೆಯ ಮನೆಗಳಲ್ಲೂ ಹದಿಮೂರು ಹದಿನಾಲ್ಕು ವರ್ಷದ ಮಗುವಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದರೆ ತಾಯಿತಂದೆಗೆ ಮೊದಲು ನೆನಪಾಗುವುದು ದೇವರೇ. ಇದರಲ್ಲಿ ತಪ್ಪೇನಿಲ್ಲ. ಆದರೆ ಕೆಲವರು ಕೇಳುವುದುಂಟು: ದೇವರನ್ನು ನಂಬಿದ ಮೇಲೆ ಸೂಜಿ ಯಾಕೆ? ಸೂಜಿ ಹಾಕಿಸಿದರೆ ನಂಬಿಕೆ ಕಮ್ಮಿ ಆದಂತಲ್ಲವೇ?

ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಟೈಪ್-1 ಮಧುಮೇಹ. ಅದು ಸಿಹಿ ತಿಂದದ್ದರಿಂದ ಬರುವುದಲ್ಲ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ನಾಶಮಾಡುತ್ತದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಆ ತಾಯಂದಿರ ಪ್ರಾರ್ಥನೆಯಲ್ಲಿ ಕೊರತೆ ಇತ್ತೆ? ಇಲ್ಲ. ಔಷಧಿ ಇರಲಿಲ್ಲ, ಅಷ್ಟೇ.

ಕಾಳಿದಾಸನ ಕುಮಾರಸಂಭವದಲ್ಲಿ ಪಾರ್ವತಿ ಘೋರ ತಪಸ್ಸಿಗೆ ನಿಲ್ಲುತ್ತಾಳೆ. ಆಗ ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು, ಶಕ್ತಿ ನೋಡಿಕೊಂಡು ತಪಸ್ಸು ಮಾಡುತ್ತಿದ್ದೀಯಾ ಎಂದು ವಿಚಾರಿಸುತ್ತಾನೆ. ಧರ್ಮಕ್ಕೆ ದೇಹವೇ ಮೊದಲು ಬೇಕಾದದ್ದು ಎಂಬುದು ಅವನ ಮಾತಿನ ಸಾರ. ಪಾರ್ವತಿಗೇ ಈ ಮಾತಾದರೆ ನಮ್ಮ ಮಕ್ಕಳಿಗೆ ಇನ್ನೆಷ್ಟು!

ಆದ್ದರಿಂದ ಇನ್ಸುಲಿನ್ ತೆಗೆದುಕೊಳ್ಳುವ ಮಗುವನ್ನು ಉಪವಾಸ ಕೆಡವಿ ಬೆಟ್ಟ ಹತ್ತಿಸಬಾರದು. ಮೈ ಬೆವರಿ, ಕೈ ನಡುಗಿದರೆ ಕೂಡಲೇ ಕೂರಿಸಿ ಸಕ್ಕರೆ ಅಥವಾ ಬೆಲ್ಲ ಕೊಡಬೇಕು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಹರಕೆಯ ಹೆಸರಿನಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಇನ್ನೊಂದು ಮಾತು. ‘ಪೂರ್ವಜನ್ಮದ ಕರ್ಮ’ ಎಂದು ನೆಂಟರು ಸುಲಭವಾಗಿ ಅಂದುಬಿಡುತ್ತಾರೆ. ಪಕ್ಕದಲ್ಲೇ ಕೂತ ಮಗು ಅದನ್ನು ಕೇಳಿಸಿಕೊಂಡು, ದೇವರಿಗೇ ನಾನು ಬೇಡವಾದೆನೆ ಎಂದು ಒಳಗೊಳಗೇ ಕೊರಗುತ್ತದೆ. ಹಿಂದಿನ ಜನ್ಮ ಯಾರೂ ಕಂಡಿಲ್ಲ, ಈಗಿನ ಮಗುವಿನ ಕಣ್ಣೀರು ಮಾತ್ರ ಎದುರಿಗೇ ಇದೆ. ಅದನ್ನು ಒರೆಸುವುದೇ ಪುಣ್ಯ.

ಹಾಗಾದರೆ ಭಕ್ತಿಯಿಂದ ಏನು ಲಾಭ? ದಿನಕ್ಕೆ ಮೂರು ನಾಲ್ಕು ಸಲ ಸೂಜಿ ಚುಚ್ಚಿಕೊಳ್ಳಬೇಕಾದ ಮಗುವಿಗೆ, ನಾನು ಒಂಟಿಯಲ್ಲ ಎಂಬ ಧೈರ್ಯ ಬೇಕು. ಗೆಳೆಯರ ಎದುರು ನಾಚದೆ ತಲೆಯೆತ್ತಿ ನಿಲ್ಲುವ ಮನಸ್ಸು ಬೇಕು. ಅದನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಔಷಧಿ ದೇಹವನ್ನು ಕಾಯಲಿ, ಭಕ್ತಿ ಮನಸ್ಸನ್ನು ಕಾಯಲಿ. ಎರಡನ್ನೂ ಭಗವಂತನ ಪ್ರಸಾದವೆಂದೇ ಕಣ್ಣಿಗೊತ್ತಿಕೊಂಡು ಸ್ವೀಕರಿಸೋಣ.